ಸ್ಪ್ಯಾಮ್ ಸ್ಕೋರ್ ಏರುಪೇರು: ಮೂರು ದಾರಿ ನೋಡಿದೆ, ನನ್ನ ಓಟು ಅನ್‌ಬೌಂಡ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಮೇಲ್‌ಗೆ ಅಂಕ ಕೊಟ್ಟು ಸ್ಪ್ಯಾಮ್ ಹಿಡಿಯುವ ಸ್ಪ್ಯಾಮ್‌ಅಸಾಸಿನ್ ಬಳಸುವವರು ಡಿಎನ್‌ಎಸ್ ರಿಸಾಲ್ವರ್ (ಹೆಸರು ಕೊಟ್ಟರೆ ವಿಳಾಸ ಹುಡುಕಿ ಕೊಡುವ ಪ್ರೋಗ್ರಾಂ) ಕೂಡ ಅದೇ ಮಷೀನಿನಲ್ಲಿ ಇಟ್ಟುಕೊಳ್ಳಿ. ಅನ್‌ಬೌಂಡ್ ಎಂಬ ರಿಸಾಲ್ವರ್ ಹಾಕಿದ ಮೇಲೆ ನನಗೆ ನೆಮ್ಮದಿ ಸಿಕ್ಕಿದೆ. ಅದಕ್ಕೂ ಮೊದಲು ಇನ್ನೆರಡು ದಾರಿ ಓಡಿಸಿ ನೋಡಿದ್ದೆ.

ತುಮಕೂರಿನ ಅಂತರಸನಹಳ್ಳಿಯಲ್ಲಿ ಒಂದು ಸಣ್ಣ ಕಚೇರಿಯ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಅಲ್ಲಿಗೆ ರೇಟು ಕಳಿಸುತ್ತಾರೆ. ಅದೇ ವಿಳಾಸ, ಅದೇ ನಮೂನೆ. ಆದರೂ ಸ್ಪ್ಯಾಮ್ ಸ್ಕೋರ್ ಬೆಳಿಗ್ಗೆ ಬಂದದ್ದಕ್ಕೆ 5.4, ಸಂಜೆ ಬಂದದ್ದಕ್ಕೆ 3.1. ಗಡಿ 5 ಆದ್ದರಿಂದ ಬೆಳಗಿನದು ಸೀದಾ ಜಂಕ್‌ಗೆ. ‘ಸಾರ್, ರೇಟು ಬಂದೇ ಇಲ್ವಲ್ಲಾ’ ಎಂದು ಅಕೌಂಟ್ಸ್‌ನವರ ಫೋನು.

ಯಾವ ರೂಲ್‌ಗಳು ತಾಗಿದವು ಎಂದು ತೋರಿಸುವ ಎಕ್ಸ್-ಸ್ಪ್ಯಾಮ್-ಸ್ಟೇಟಸ್ ಹೆಡರನ್ನು ಎರಡೂ ಮೇಲ್‌ಗಳಿಂದ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ಸಂಜೆಯದರಲ್ಲಿ ಡಿಎನ್‌ಎಸ್‌ಡಬ್ಲ್ಯೂಎಲ್ ಎಂಬ ಒಳ್ಳೆಯವರ ಪಟ್ಟಿ ಮೈನಸ್ 2.3 ಕೊಟ್ಟಿತ್ತು. ಬೆಳಗಿನದರಲ್ಲಿ ಆ ಸಾಲೇ ಇಲ್ಲ. ಬದಲಿಗೆ ‘ಬ್ಲಾಕ್ಡ್’ ಎಂದು ಮುಗಿಯುವ ರೂಲ್‌ಗಳು. ಇಂಥ ಪಟ್ಟಿಗಳನ್ನು ಫಿಲ್ಟರ್ ಕೇಳುವುದು ಡಿಎನ್‌ಎಸ್ ಮೂಲಕವೇ. ಮೇಲ್‌ನಲ್ಲಿ ಏನೂ ತಪ್ಪಿಲ್ಲ, ನಾವು ಕೇಳಿದ ಪ್ರಶ್ನೆಗೆ ಪಟ್ಟಿ ಉತ್ತರ ಕೊಟ್ಟಿಲ್ಲ ಅಷ್ಟೇ.

ಆಗ ಇದ್ದದ್ದು ಮೊದಲನೇ ದಾರಿ, ಗೂಗಲ್‌ನ 8.8.8.8 ಥರದ, ಯಾರು ಬೇಕಾದರೂ ಬಳಸುವ ಪಬ್ಲಿಕ್ ಡಿಎನ್‌ಎಸ್. ಬ್ರೌಸಿಂಗ್‌ಗೆ ಚೆನ್ನಾಗಿದೆ. ಸ್ಪ್ಯಾಮ್ ಪಟ್ಟಿಗಳಿಗೆ ಬೇಡವೇ ಬೇಡ. ಇಂಥ ಪಟ್ಟಿಗಳಲ್ಲಿ ಉಚಿತ ಬಳಕೆಗೆ ಮಿತಿ ಇರುತ್ತದೆ. ಲಕ್ಷಾಂತರ ಜನ ಒಂದೇ ರಿಸಾಲ್ವರ್ ಮೂಲಕ ಕೇಳಿದರೆ ಆ ಮಿತಿ ಬೇಗ ಮುಗಿಯುತ್ತದೆ. ನಮ್ಮದು ಎಷ್ಟೇ ಸಣ್ಣ ಸರ್ವರ್ ಆದರೂ ಎಲ್ಲರ ಲೆಕ್ಕಕ್ಕೆ ಸೇರಿಹೋಗುತ್ತದೆ.

ಎರಡನೇ ದಾರಿ, ಸ್ಪ್ಯಾಮ್‌ಡಿಗೆ (ಹಿನ್ನೆಲೆಯಲ್ಲಿ ಓಡುವ ಸ್ಪ್ಯಾಮ್‌ಅಸಾಸಿನ್) ಮೈನಸ್ ಎಲ್ (-L) ಕೊಟ್ಟು ಪಟ್ಟಿ ಕೇಳುವಂಥ ನೆಟ್‌ವರ್ಕ್ ಪರೀಕ್ಷೆಗಳನ್ನೇ ನಿಲ್ಲಿಸುವುದು. ಸ್ಕೋರ್ ಗಟ್ಟಿಯಾಗಿ ನಿಂತಿತು, ವೇಗವೂ ಬಂತು. ಆದರೆ ಹೊಸ ಡೊಮೇನ್‌ಗಳಿಂದ ಬರುವ ಸ್ಪ್ಯಾಮ್ ಸಲೀಸಾಗಿ ಒಳಗೆ ನುಗ್ಗಿತು. ಇನ್ನೊಂದು ವಿಷಯ: ಒಂದೊಂದು ರೂಲ್‌ಗೂ ನಾಲ್ಕು ಥರದ ಅಂಕ ಇರಬಹುದು. ನೆಟ್‌ವರ್ಕ್ ಇದೆಯಾ, ಹಳೇ ಮೇಲ್‌ಗಳಿಂದ ಕಲಿಯುವ ಬೇಯ್ಸ್ (Bayes) ಇದೆಯಾ ಎಂಬುದರ ಮೇಲೆ ಅದು ಬದಲಾಗುತ್ತದೆ. ಹಾಗಾಗಿ ನೆಟ್‌ವರ್ಕ್ ನಿಲ್ಲಿಸಿ ಬಂದ ಸ್ಕೋರನ್ನು ಹಳೆಯದರ ಜೊತೆ ಹೋಲಿಸಿದರೆ ಲೆಕ್ಕವೇ ತಪ್ಪುತ್ತದೆ.

ಮೂರನೆಯದೇ ಅನ್‌ಬೌಂಡ್. ಹಾಕಿ, ಮೂರು ಕಡೆ ನೋಡಿಕೊಳ್ಳಬೇಕು. ಮೊದಲನೆಯದು, ಅದು ಇನ್ನೊಂದು ಡಿಎನ್‌ಎಸ್‌ಗೆ ಫಾರ್ವರ್ಡ್ ಮಾಡಬಾರದು, ತಾನೇ ಬೇರಿನಿಂದ (ರೂಟ್ ಸರ್ವರ್‌ಗಳಿಂದ) ಹುಡುಕಬೇಕು. ಫಾರ್ವರ್ಡ್ ಇದ್ದರೆ ಮತ್ತೆ ಹಳೇ ಕಥೆಯೇ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಎರಡನೆಯದು, ಫಿಲ್ಟರ್ ನಿಜಕ್ಕೂ ಅನ್‌ಬೌಂಡನ್ನೇ ಕೇಳುತ್ತಿದೆಯಾ ಎಂಬುದು. ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಸ್ಕೋರ್ ಮತ್ತೆ ಕುಣಿಯಲು ಶುರು. ಗಮನಿಸಿದರೆ ಕರೆಂಟ್ ಹೋಗಿ ಬಂದ ಮೇಲೆಯೇ ಹೀಗಾಗುತ್ತಿತ್ತು. ಮಷೀನ್ ಮತ್ತೆ ಆನ್ ಆದಾಗ ರೂಟರಿನಿಂದ ಐಪಿ ತೆಗೆದುಕೊಳ್ಳುತ್ತಿತ್ತು. ಜೊತೆಗೆ ರೂಟರ್ ಕೊಟ್ಟ ಡಿಎನ್‌ಎಸ್ ವಿಳಾಸವೂ ಬಂದು, ಯಾವ ಡಿಎನ್‌ಎಸ್ ಕೇಳಬೇಕು ಎಂದು ಮಷೀನಿಗೆ ಹೇಳುವ ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ಕೂರುತ್ತಿತ್ತು. ಅನ್‌ಬೌಂಡ್ ಓಡುತ್ತಲೇ ಇತ್ತು, ಅದನ್ನು ಕೇಳುವವರೇ ಇರಲಿಲ್ಲ. ಸ್ಪ್ಯಾಮ್‌ಅಸಾಸಿನ್‌ನ ಸೆಟ್ಟಿಂಗ್ ಫೈಲಾದ ಲೋಕಲ್ ಡಾಟ್ ಸಿಎಫ್‌ನಲ್ಲಿ ಡಿಎನ್‌ಎಸ್_ಸರ್ವರ್ (dns_server) 127.0.0.1, ಅಂದರೆ ಇದೇ ಮಷೀನ್, ಎಂದು ಬರೆದು ಸ್ಪ್ಯಾಮ್‌ಡಿ ರೀಸ್ಟಾರ್ಟ್ ಮಾಡಿದೆ. ಆಮೇಲೆ ರೂಟರ್ ಏನು ಕೊಟ್ಟರೂ ಫಿಲ್ಟರ್‌ಗೆ ಸಂಬಂಧವಿಲ್ಲ.

ಮೂರನೆಯದು ಪರೀಕ್ಷೆ. ಡಿಎನ್‌ಎಸ್ ಕೇಳಿ ನೋಡುವ ಡಿಗ್ ಕಮಾಂಡಿನಲ್ಲಿ @127.0.0.1 ಕೊಟ್ಟು, ಸ್ಪ್ಯಾಮ್‌ಹೌಸ್ ಪಟ್ಟಿಯ ಈ ಹೆಸರು ಕೇಳಿ: 2.0.0.127.zen.spamhaus.org. 127.0.0.2 ಥರದ ಉತ್ತರ ಬಂದರೆ ಸರಿ. 127.255.255.254 ಬಂದರೆ ನೀವಿನ್ನೂ ಪಬ್ಲಿಕ್ ಡಿಎನ್‌ಎಸ್ ಮೂಲಕವೇ ಹೋಗುತ್ತಿದ್ದೀರಿ.

ಅನ್‌ಬೌಂಡ್ ಇದ್ದರೂ ಬೆಳಗಿನ ಸ್ಪ್ಯಾಮನ್ನು ರಾತ್ರಿ ಮತ್ತೆ ಪರೀಕ್ಷಿಸಿದರೆ ಸ್ಕೋರ್ ಏರಿರಬಹುದು. ಅಷ್ಟರಲ್ಲಿ ಕಳಿಸಿದವನ ಹೆಸರು ಪಟ್ಟಿಗೆ ಸೇರಿರುತ್ತದೆ, ಅಲ್ವಾ? ಅದು ದೋಷವಲ್ಲ.

ಆರ್‌ಸ್ಪ್ಯಾಮ್‌ಡಿ ಎಂಬ ಇನ್ನೊಂದು ಸ್ಪ್ಯಾಮ್ ಫಿಲ್ಟರ್‌ಗೆ ಹೋದರೂ ಸ್ವಂತ ರಿಸಾಲ್ವರ್ ಬೇಕೇ ಬೇಕು.

ಹಳೇ ಮಷೀನು, ಸಾಫ್ಟ್‌ವೇರಿಗೆ ಬಜೆಟ್ ಸೊನ್ನೆ, ಬೆಳಿಗ್ಗೆ ಕಾಫಿ ಹೊತ್ತಿಗೆ ಲಾಗ್ ನೋಡುವ ಅಭ್ಯಾಸ. ಇಷ್ಟಿರುವ ನನಗೆ ಅನ್‌ಬೌಂಡ್ ಸಾಕು. ಲಾಗ್ ನೋಡಲು ಯಾರೂ ಇಲ್ಲದ ಕಡೆ ಮಾತ್ರ ಮೈನಸ್ ಎಲ್ ಹಾಕಿಕೊಡುತ್ತೇನೆ.