ಕುಂಜಿಬೆಟ್ಟಿನ ಮಕ್ಕಳ ಕ್ಲಿನಿಕ್: ಲಸಿಕೆ ತಾರೀಕು ತಪ್ಪಲು ಬಿಡುವುದಿಲ್ಲ

ಉಡುಪಿಯ ಕುಂಜಿಬೆಟ್ಟಿನ ಕಡೆ ಇರುವ ಸಣ್ಣ ಕ್ಲಿನಿಕ್ ಇದು. ದೊಡ್ಡ ಆ್ಯಪ್ ಏನೂ ಇಲ್ಲ. ರಿಸೆಪ್ಶನ್‌ನಲ್ಲಿ ಕೂರುವ ಅಕ್ಕ ಒಂದು ಎಕ್ಸೆಲ್ ಶೀಟ್ ಇಟ್ಟಿದ್ದಾರೆ, ಅಷ್ಟೇ. ಮಗು ಹುಟ್ಟಿದ ದಿನ ಹಾಕಿದರೆ ಸಾಕು. 6, 10, 14 ವಾರದ ತಾರೀಕು, 9 ತಿಂಗಳಿಗೆ ಹಾಕಿಸುವ ದಡಾರ-ರುಬೆಲ್ಲಾ, ಎಲ್ಲ ತಾನಾಗಿ ಬರುತ್ತದೆ. ಬಾಕಿ ಇದ್ದವರ ಸಾಲು ಕೆಂಪಾಗುತ್ತದೆ. ಹಿಂದಿನ ದಿನ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಮೆಸೇಜ್.

10 ವಾರದ ಡೋಸ್ ಹೊತ್ತಿಗೆ ನನ್ನ ಮಗಳಿಗೆ ಜೋರು ಜ್ವರ. ತಡವಾಯಿತು. ಮತ್ತೆ ಮೊದಲಿಂದ ಶುರು ಮಾಡಬೇಕಾ ಅಂತ ಅತ್ತೆಗೆ ಚಿಂತೆ. "ಬೇಡ ಅಮ್ಮ, ನಿಂತಲ್ಲಿಂದಲೇ ಮುಂದುವರಿಸಿದರೆ ಆಯಿತು" ಅಂದರು ಅಕ್ಕ. ಅದನ್ನು ಹಾಕಿಸಿದ ದಿನವೇ, ಕನಿಷ್ಠ 4 ವಾರ ಅಂತರ ಇಟ್ಟು ಮುಂದಿನ ತಾರೀಕನ್ನು ಶೀಟ್‌ನಲ್ಲಿ ಬದಲಿಸಿದರು. ತಾಯಿ ಕಾರ್ಡಿನಲ್ಲೂ ಪೆನ್ನಿನಲ್ಲಿ ಬರೆದುಕೊಟ್ಟರು. ಫೋನ್ ಕೆಟ್ಟರೂ ಕಾರ್ಡ್ ಇರುತ್ತದೆ ಅಲ್ವಾ? ನನಗೆ ತುಂಬಾ ಹಿಡಿಸಿದ್ದು ಇದೇ.

ಒಂದು ಬೇಸರ. ಮೆಸೇಜ್ ಹೋಗುವುದು ಒಂದೇ ನಂಬರಿಗೆ. ನಮ್ಮದು ಸುಮ್ನೆ ದುಬೈಯಲ್ಲಿರುವ ಗಂಡನ ಫೋನಿಗೆ ಹೋಗುತ್ತಿತ್ತು! ಹೇಳಿದ ಮೇಲೆ ಸರಿ ಮಾಡಿದರು. ಎರಡು ನಂಬರ್ ಹಾಕುವ ಜಾಗ ಇಡಲಿ. ಶನಿವಾರ ಕಾಯುವುದು ಜಾಸ್ತಿ, ಕಾರು ನಿಲ್ಲಿಸುವ ಜಾಗ ಕೇಳಲೇಬೇಡಿ. ಬುಧವಾರ ಬೆಳಿಗ್ಗೆ ಹೋಗಿ.