ಚೀನಾ ಬಾಗಿಲು ಹಾಕಿದ ಮೇಲೆ ಬಲ್ಗೇರಿಯಾಕ್ಕೆ: ನಮ್ಮ ದತ್ತು ಏಜೆನ್ಸಿಯ ಸೇವೆ ಹೇಗಿತ್ತು

2024ರ ಸೆಪ್ಟೆಂಬರ್ 5ರಂದು ಚೀನಾದ ವಿದೇಶಾಂಗ ಸಚಿವಾಲಯವು ಇನ್ನು ಮುಂದೆ ತನ್ನ ದೇಶದ ಮಕ್ಕಳನ್ನು ವಿದೇಶಿಯರಿಗೆ ದತ್ತು ಕೊಡುವುದಿಲ್ಲವೆಂದು ಪ್ರಕಟಿಸಿತು. ಹತ್ತಿರದ ರಕ್ತಸಂಬಂಧಿಗಳ ಮಗುವನ್ನೋ ಸಂಗಾತಿಯ ಮಗುವನ್ನೋ ದತ್ತು ಪಡೆಯುವವರಿಗೆ ಮಾತ್ರ ವಿನಾಯಿತಿ ಇತ್ತು. ನಾವು ಆ ಸಾಲಿಗೆ ಸೇರಿದವರಲ್ಲ. ನಮ್ಮ ಕಡತ ಬೀಜಿಂಗ್‌ನಲ್ಲಿ ನೋಂದಣಿಯಾಗಿ ಆ ಹೊತ್ತಿಗೆ ಐದು ವರ್ಷ ಕಳೆದಿತ್ತು. 2019ರ ಕೊನೆಯಲ್ಲಿ, ಸೀಳು ಅಂಗುಳದ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಎರಡೂವರೆ ವರ್ಷದ ಒಬ್ಬ ಹುಡುಗನನ್ನು ನಮಗೆ ಗೊತ್ತುಮಾಡಿದ್ದರು. 2020ರ ಆರಂಭದಲ್ಲಿ ಕೋವಿಡ್ ಕಾರಣದಿಂದ ಪ್ರಯಾಣದ ಅನುಮತಿಗಳು ನಿಂತವು. ಹಾಗೆ ನಿಂತದ್ದು ನಮ್ಮ ಪಾಲಿಗೆ ಮತ್ತೆ ಶುರುವಾಗಲೇ ಇಲ್ಲ.

ಈಗ ನಮ್ಮ ಕಡತ ಬಲ್ಗೇರಿಯಾದಲ್ಲಿದೆ. ಅಲ್ಲಿಗೆ ಹೋಗಿ ಮಗುವನ್ನು ಕಂಡು ಬಂದಿದ್ದೇವೆ, ನ್ಯಾಯಾಲಯದ ತೀರ್ಪಿಗಾಗಿ ಕಾಯುತ್ತಿದ್ದೇವೆ. ಎರಡೂ ದೇಶಗಳಲ್ಲಿ ನಮ್ಮ ಕೆಲಸ ನೋಡಿಕೊಂಡದ್ದು ಒಂದೇ ಏಜೆನ್ಸಿ. ಪ್ರಕ್ರಿಯೆ ಇನ್ನೂ ಅವರ ಕೈಯಲ್ಲಿರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ. ಆದರೆ ಅವರ ಸೇವೆಯಲ್ಲಿ ಯಾವುದು ನಮ್ಮ ಕೈಹಿಡಿಯಿತು, ಯಾವುದು ನೋಯಿಸಿತು ಎಂಬುದನ್ನು ಹೇಳಲೇಬೇಕೆನಿಸಿದೆ. ಏಜೆನ್ಸಿ ಆರಿಸುವಾಗ ನಾವೆಲ್ಲ ಕೇಳುವುದು ಇದುವರೆಗೆ ಎಷ್ಟು ಮಕ್ಕಳನ್ನು ಮನೆ ಸೇರಿಸಿದ್ದೀರಿ, ಎಷ್ಟು ಕಾಲ ಕಾಯಬೇಕು ಎಂಬುದನ್ನೇ. ನಡುದಾರಿಯಲ್ಲಿ ಒಂದು ದೇಶ ಬಾಗಿಲು ಹಾಕಿದರೆ ಏನು ಮಾಡುತ್ತೀರಿ ಎಂದು ನಾವೂ ಕೇಳಿರಲಿಲ್ಲ. ಕೇಳಬೇಕಾಗಿತ್ತು, ಏಕೆಂದರೆ ಇದು ಹೊಸ ಸಂಗತಿಯೇನೂ ಅಲ್ಲ: ಗ್ವಾಟೆಮಾಲಾ 2007ರ ಕೊನೆಗೆ ಹೊಸ ಅರ್ಜಿಗಳನ್ನು ನಿಲ್ಲಿಸಿತ್ತು, ರಷ್ಯಾ 2013ರ ಜನವರಿ 1ರಿಂದ ಅಮೆರಿಕದ ಕುಟುಂಬಗಳಿಗೆ ದತ್ತು ಕೊಡುವುದನ್ನು ನಿಷೇಧಿಸಿತ್ತು, ಇಥಿಯೋಪಿಯಾ 2018ರ ಜನವರಿಯಲ್ಲಿ ವಿದೇಶಿ ದತ್ತುವನ್ನೇ ಕಾನೂನಿನ ಮೂಲಕ ಕೊನೆಗೊಳಿಸಿತ್ತು.

ಸುದ್ದಿ ಬಂದ ವಾರದಲ್ಲಿ ಏಜೆನ್ಸಿ ನಡೆದುಕೊಂಡ ರೀತಿ ನನಗೆ ಸರಿಕಾಣಲಿಲ್ಲ. ಎಲ್ಲ ಕುಟುಂಬಗಳಿಗೂ ಒಂದೇ ಒಕ್ಕಣೆಯ ಇಮೇಲ್ ಬಂತು. ಅದರ ಎರಡನೆಯ ಪ್ಯಾರಾದಲ್ಲೇ, ನಿಮ್ಮ ಕಡತವನ್ನು ಬೇರೊಂದು ದೇಶಕ್ಕೆ ವರ್ಗಾಯಿಸಬಹುದು ಎಂಬ ಭರವಸೆ ಇತ್ತು. ಮಗುವಿನ ಭಾವಚಿತ್ರವನ್ನು ನಾಲ್ಕೂಮುಕ್ಕಾಲು ವರ್ಷ ಗೋಡೆಯ ಮೇಲೆ ಇಟ್ಟುಕೊಂಡವರಿಗೆ ಅಂದೇ ಹೇಳಬೇಕಾದ ಮಾತು ಅದಲ್ಲ. ಮೇಲಾಗಿ ಆ ವರ್ಗಾವಣೆ ಎಂಬ ಪದವೇ ತಪ್ಪು. ಬ್ಯಾಂಕಿನ ಖಾತೆಯನ್ನು ಒಂದು ಶಾಖೆಯಿಂದ ಇನ್ನೊಂದಕ್ಕೆ ಬದಲಿಸಿದ ಹಾಗೆ ದತ್ತು ಕಡತವನ್ನು ಬದಲಿಸಲು ಬರುವುದಿಲ್ಲ. ಒಂದು ದೇಶದ ಸರದಿಯಲ್ಲಿ ಕಾದ ಕಾಲ ಇನ್ನೊಂದು ದೇಶದಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಹೊಸ ದೇಶದಲ್ಲಿ ನಿಮ್ಮ ನೋಂದಣಿಯ ದಿನಾಂಕ ಹೊಸದೇ ಆಗಿರುತ್ತದೆ. ಇದನ್ನು ಏಜೆನ್ಸಿ ನಮಗೆ ಸ್ಪಷ್ಟವಾಗಿ ತಿಳಿಸಿದ್ದು ಮೂರನೆಯ ದೂರವಾಣಿ ಕರೆಯಲ್ಲಿ, ನಾವಾಗಿಯೇ ಕೇಳಿದ ಮೇಲೆ.

ಆಮೇಲೆ ಕಳಿಸಿದ ದೇಶಗಳ ಪಟ್ಟಿಯ ಬಗ್ಗೆಯೂ ಇದೇ ದೂರು. ಪ್ರತಿ ದೇಶದ ಹೆಸರಿನ ಮುಂದೆ ಕಾಯುವ ಕಾಲವೆಂದು ಒಂದೊಂದು ಅಂಕಿ ಬರೆದಿದ್ದರು. ಬಲ್ಗೇರಿಯಾದ ವಿಷಯದಲ್ಲಿ ಅಂಥ ಒಂದೇ ಅಂಕಿಗೆ ಅರ್ಥವಿಲ್ಲ: ಆರೋಗ್ಯವಂತ ಪುಟ್ಟ ಮಗುವೇ ಬೇಕೆನ್ನುವವರು ಅಲ್ಲಿ ವರ್ಷಗಟ್ಟಲೆ ಕಾಯುತ್ತಾರೆ, ದೊಡ್ಡ ಮಕ್ಕಳಿಗೆ, ಒಡಹುಟ್ಟಿದವರ ಗುಂಪಿಗೆ ಅಥವಾ ವಿಶೇಷ ವೈದ್ಯಕೀಯ ಆರೈಕೆ ಬೇಕಿರುವ ಮಕ್ಕಳಿಗೆ ಮನೆ ತೆರೆದವರ ದಾರಿ ಬಹಳ ಚಿಕ್ಕದು. ಆ ಅಂಕಿ ಯಾರ ಪಾಲಿನದು ಎಂದು ಪಟ್ಟಿಯಲ್ಲಿ ಬರೆದಿರಲಿಲ್ಲ.

ಇಲ್ಲಿಂದ ಮುಂದೆ ನಾನು ಮೆಚ್ಚಿ ಬರೆಯಬೇಕಾದ ಭಾಗ ಬರುತ್ತದೆ. ನಮ್ಮ ಕಡತವನ್ನು ಬಲ್ಗೇರಿಯಾ ವಿಭಾಗದ ಅಧಿಕಾರಿಯೊಬ್ಬರಿಗೆ ವಹಿಸಿದರು. ಅವರು ಮೊದಲ ಭೇಟಿಗೆ ಬರುವಾಗ ಹಳೆಯ ಕಾಗದಗಳ ಪೆಟ್ಟಿಗೆಯನ್ನು ಹಾಗೆಯೇ ತನ್ನಿ, ಏನನ್ನೂ ಎಸೆಯಬೇಡಿ ಎಂದಿದ್ದರು. ಮೇಜಿನ ಮೇಲೆ ಪ್ರತಿಯೊಂದು ಹಾಳೆಯನ್ನೂ ತೆರೆದು ನೋಡಿ ಮೂರು ರಾಶಿ ಮಾಡಿದರು. ಜನನ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರಗಳ ಮೂಲ ಪ್ರತಿಗಳು ಒಂದು ರಾಶಿಗೆ: ಇವು ಬದಲಾಗುವುದಿಲ್ಲ, ಮತ್ತೆ ದೃಢೀಕರಿಸಿದರೆ ಸಾಕು. ಪೊಲೀಸ್ ಪರಿಶೀಲನೆ, ಬೆರಳಚ್ಚು, ವೈದ್ಯಕೀಯ ವರದಿ, ಆದಾಯದ ಪತ್ರಗಳು ಎರಡನೆಯ ರಾಶಿಗೆ: ಇವುಗಳ ಅವಧಿ ಮುಗಿದಿದೆ, ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು. ಮೂರನೆಯ ರಾಶಿಯನ್ನು ಅವರು ಅಂಗೈಯಲ್ಲಿ ಸವರಿ ನೇರಮಾಡಿ, ಇವನ್ನು ನಿಮ್ಮ ನೆನಪಿಗೆ ಇಟ್ಟುಕೊಳ್ಳಿ ಎಂದು ನನ್ನ ಕೈಗೆ ಕೊಟ್ಟರು.

ಆ ಮೂರನೆಯ ರಾಶಿ ಏಕೆ ಉಪಯೋಗಕ್ಕೆ ಬರುವುದಿಲ್ಲ ಎಂಬುದನ್ನು ದೇಶ ಬದಲಿಸುವವರೆಲ್ಲರೂ ತಿಳಿದಿರಬೇಕು. ನಾವು 2019ರಲ್ಲಿ ಕಡತ ಕಳಿಸಿದಾಗ ಚೀನಾ 1961ರ ಅಪೊಸ್ಟಿಲ್ ಒಪ್ಪಂದಕ್ಕೆ (ಒಂದು ದೇಶ ಕಾಗದಕ್ಕೆ ಕೊಟ್ಟ ಒಂದೇ ದೃಢೀಕರಣವನ್ನು ಉಳಿದ ಸದಸ್ಯ ದೇಶಗಳು ಒಪ್ಪುವ ವ್ಯವಸ್ಥೆ) ಸೇರಿರಲಿಲ್ಲ, ಅದು ಅಲ್ಲಿ ಜಾರಿಗೆ ಬಂದದ್ದು 2023ರ ನವೆಂಬರ್ 7ರಂದು. ಆದ್ದರಿಂದ ಆಗ ಪ್ರತಿ ಕಾಗದವೂ ನೋಟರಿ, ಸರ್ಕಾರಿ ಇಲಾಖೆ, ರಾಯಭಾರ ಕಚೇರಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೊಹರು ಹಾಕಿಸಿಕೊಂಡು ಬರಬೇಕಿತ್ತು. ಚೀನಾದ ರಾಯಭಾರ ಕಚೇರಿ ಹಾಕಿದ ಮೊಹರು ಚೀನಾಕ್ಕೆ ಮಾತ್ರ ಸಲ್ಲುತ್ತದೆ. ಬಲ್ಗೇರಿಯಾ ಬಹಳ ಹಿಂದಿನಿಂದಲೂ ಅಪೊಸ್ಟಿಲ್ ಒಪ್ಪಂದದಲ್ಲಿದೆ, ಅಲ್ಲಿಗೆ ಒಂದೇ ದೃಢೀಕರಣ ಸಾಕು. ಕೆಲಸ ಸುಲಭವಾಯಿತು ನಿಜ, ಆದರೆ ತಿಂಗಳುಗಟ್ಟಲೆ ಅಲೆದು ಹಾಕಿಸಿದ ಆ ಕೆಂಪು ಮೊಹರುಗಳನ್ನು ನೋಡುತ್ತಾ ನನ್ನ ಪತಿ ಬಹಳ ಹೊತ್ತು ಮಾತಾಡಲಿಲ್ಲ. ಆ ಅಧಿಕಾರಿ ಅವರನ್ನು ಅವಸರಪಡಿಸಲಿಲ್ಲ. ಒಂದು ಗಂಟೆಗೆ ನಿಗದಿಯಾಗಿದ್ದ ಭೇಟಿ ಮೂರು ಗಂಟೆ ನಡೆಯಿತು.

ನಮ್ಮ ಅದೃಷ್ಟಕ್ಕೆ ಎರಡೂ ದೇಶಗಳು ದೇಶದಿಂದ ದೇಶಕ್ಕೆ ನಡೆಯುವ ದತ್ತುವಿನ ನಿಯಮಗಳನ್ನು ಹೇಳುವ 1993ರ ಹೇಗ್ ದತ್ತು ಒಪ್ಪಂದವನ್ನು ಅನುಮೋದಿಸಿದ್ದವು, ಬಲ್ಗೇರಿಯಾ 2002ರಲ್ಲಿ, ಚೀನಾ 2005ರಲ್ಲಿ. ಹೀಗಾಗಿ ಪ್ರಕ್ರಿಯೆಯ ಮೂಲ ಚೌಕಟ್ಟು ಬದಲಾಗಲಿಲ್ಲ. ಒಪ್ಪಂದದ ಹೊರಗಿನ ದೇಶದಿಂದ ಒಪ್ಪಂದದ ಒಳಗಿನ ದೇಶಕ್ಕೆ ಬರುವವರಿಗೆ ಅರ್ಜಿಯಿಂದ ಹಿಡಿದು ಅನುಮೋದನೆಯವರೆಗೆ ನಿಯಮಗಳೇ ಬೇರೆಯಾಗುತ್ತವೆ. ನಿಮ್ಮ ಏಜೆನ್ಸಿ ಈ ವ್ಯತ್ಯಾಸವನ್ನು ಮೊದಲ ಭೇಟಿಯಲ್ಲೇ ವಿವರಿಸದಿದ್ದರೆ ಎದ್ದು ಬರುವುದೇ ಒಳ್ಳೆಯದು.

ಚೌಕಟ್ಟು ಬದಲಾಗದಿದ್ದರೂ ಗೃಹ ಅಧ್ಯಯನ ವರದಿಯನ್ನು ಪೂರ್ತಿಯಾಗಿ ಹೊಸದಾಗಿ ಬರೆಯಬೇಕಾಯಿತು. ಹೇಗ್ ಒಪ್ಪಂದದ 15ನೆಯ ವಿಧಿಯ ಪ್ರಕಾರ ಆ ವರದಿ ಅರ್ಜಿದಾರರ ಹಿನ್ನೆಲೆ, ಆರೋಗ್ಯ, ಸಾಮಾಜಿಕ ಪರಿಸರಗಳ ಜೊತೆಗೆ ಅವರು ದತ್ತು ಪಡೆಯಲು ಇರುವ ಕಾರಣವನ್ನೂ, ಅವರು ಎಂಥ ಮಗುವನ್ನು ಸಾಕಲು ಶಕ್ತರು ಎಂಬುದನ್ನೂ ಹೇಳಬೇಕು. ದೇಶದ ಹೆಸರನ್ನು ತಿದ್ದಿ, ದಿನಾಂಕ ಬದಲಿಸಿ ಕೊಡುತ್ತಾರೆಂದು ನಾನು ಭಾವಿಸಿದ್ದೆ. ಸಮಾಜ ಕಾರ್ಯಕರ್ತೆ ಹಾಗೆ ಮಾಡಲು ಒಪ್ಪಲಿಲ್ಲ. ನಾಲ್ಕು ಬಾರಿ ಮನೆಗೆ ಬಂದರು. ಎರಡನೆಯ ಭೇಟಿಯಲ್ಲಿ ಅವರ ದೃಷ್ಟಿ ಗೋಡೆಯ ಮೇಲಿನ ಆ ಹುಡುಗನ ಭಾವಚಿತ್ರದ ಮೇಲೆ ಬಿತ್ತು. ನೀವು ಈಗ ಕರೆತರಲು ಹೊರಟಿರುವುದು ಇನ್ನೊಂದು ಮಗುವನ್ನೋ, ಇಲ್ಲ ಈ ಮಗುವಿನ ಬದಲಿಗೆ ಒಂದು ಮಗುವನ್ನೋ ಎಂದು ಮೆಲ್ಲಗೆ ಕೇಳಿದರು. ನನಗೆ ಸಿಟ್ಟು ಬಂತು, ಅತ್ತೂಬಿಟ್ಟೆ. ಅವರು ಆ ದಿನ ಮುಂದಿನ ಪ್ರಶ್ನೆ ಕೇಳದೆ ಎದ್ದುಹೋದರು. ಮೂರು ತಿಂಗಳು ಕಡತವನ್ನು ತಡೆಹಿಡಿದು, ದುಃಖದ ವಿಷಯದಲ್ಲಿ ಅನುಭವವಿರುವ ಆಪ್ತಸಮಾಲೋಚಕರ ಬಳಿಗೆ ಕಳಿಸಿದರು. ಇಡೀ ಸೇವೆಯಲ್ಲಿ ಅತ್ಯುತ್ತಮವಾದದ್ದು ಯಾವುದೆಂದು ಕೇಳಿದರೆ ಆ ಮೂರು ತಿಂಗಳ ತಡೆಯೇ ಎನ್ನುತ್ತೇನೆ. ಆಗ ಅದು ಶಿಕ್ಷೆಯಂತೆ ಕಂಡಿತ್ತು. ಅದಿಲ್ಲದೆ ಹೋಗಿದ್ದರೆ ಬಲ್ಗೇರಿಯಾದಲ್ಲಿ ಮಗು ಎದುರಿಗೆ ನಿಂತಾಗ ನಾನು ಅವಳ ಮುಖದಲ್ಲಿ ಅವನನ್ನು ಹುಡುಕುತ್ತಿದ್ದೆ.

ಹಣದ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕಾರ್ಯಕ್ರಮ ಶುಲ್ಕದಲ್ಲಿ ಒಂದು ಭಾಗವನ್ನು ಹೊಸ ದೇಶದ ಲೆಕ್ಕಕ್ಕೆ ಜಮಾ ಮಾಡಿಕೊಂಡರು, ಚೀನಾದಲ್ಲಿ ಆಗಲೇ ಖರ್ಚಾದದ್ದನ್ನು ಹಿಂದಿರುಗಿಸಲಿಲ್ಲ. ಇದು ನ್ಯಾಯವೇ. ಆದರೆ ನಿಗದಿತ ದಿನಗಳೊಳಗೆ ಹೊಸ ದೇಶವನ್ನು ಆರಿಸದಿದ್ದರೆ ಆ ಜಮಾ ರದ್ದಾಗುತ್ತದೆಂಬ ಷರತ್ತು ಕರಾರಿನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ಒಂದು ಮಗುವನ್ನು ಕಳೆದುಕೊಂಡ ಕುಟುಂಬವನ್ನು ಹಣದ ಗಡುವು ತೋರಿಸಿ ಅವಸರಪಡಿಸುವುದು ತಪ್ಪು. ನಾವು ಲಿಖಿತವಾಗಿ ಕೇಳಿಕೊಂಡ ಮೇಲೆ ಗಡುವನ್ನು ಸಡಿಲಿಸಿದರು. ಕೇಳದ ಕುಟುಂಬಗಳ ಗತಿಯೇನು ಎಂಬುದು ನನ್ನನ್ನು ಕಾಡುತ್ತದೆ.

ಬಲ್ಗೇರಿಯಾದ ಕಡೆಯ ಕೆಲಸ ಅಚ್ಚುಕಟ್ಟಾಗಿ ನಡೆಯಿತು. ಅಲ್ಲಿ ಕೇಂದ್ರೀಯ ಪ್ರಾಧಿಕಾರ, ಅಂದರೆ ವಿದೇಶಿ ದತ್ತುವಿನ ಹೊಣೆ ಹೊತ್ತ ಸರ್ಕಾರಿ ಸಂಸ್ಥೆ, ನ್ಯಾಯ ಸಚಿವಾಲಯ. ದೇಶದೊಳಗೆ ಕುಟುಂಬ ಸಿಗದ ಮಕ್ಕಳು ಮಾತ್ರ ವಿದೇಶಿ ದತ್ತುವಿನ ಪಟ್ಟಿಗೆ ಬರುತ್ತಾರೆ. ಎರಡು ಸಲ ಪ್ರಯಾಣ ಮಾಡಬೇಕು: ಮೊದಲ ಸಲ ಕನಿಷ್ಠ ಐದು ದಿನ ಮಗುವಿನೊಂದಿಗೆ ಕಳೆದು ಒಪ್ಪಿಗೆ ಬರೆದುಕೊಡಬೇಕು, ಸೋಫಿಯಾ ನಗರ ನ್ಯಾಯಾಲಯದ ತೀರ್ಪು ಬಂದು ದಾಖಲೆಗಳು ಸಿದ್ಧವಾದ ಮೇಲೆ ಎರಡನೆಯ ಸಲ ಹೋಗಿ ಕರೆತರಬೇಕು. ಮನೆಗೆ ಬಂದ ನಂತರ ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ವರದಿ ಕಳಿಸಬೇಕು. ಈ ಎಲ್ಲ ಹಂತಗಳನ್ನೂ ಏಜೆನ್ಸಿ ಮೊದಲೇ ಬರೆದುಕೊಟ್ಟಿತ್ತು, ಇದುವರೆಗೆ ಯಾವುದೂ ತಪ್ಪಿಲ್ಲ. ಅಲ್ಲಿ ವಿದೇಶಿ ದತ್ತುವಿಗೆ ಬರುವ ಮಕ್ಕಳಲ್ಲಿ ಗಣನೀಯ ಪಾಲು ಯುರೋಪಿನ ಅಲ್ಪಸಂಖ್ಯಾತ ಜನಾಂಗವಾದ ರೋಮಾ ಮೂಲದವರು. ಆ ಸಮುದಾಯ ಎದುರಿಸುವ ತಾರತಮ್ಯದ ಬಗ್ಗೆ, ಮಗು ದೊಡ್ಡದಾದಾಗ ತನ್ನ ಮೂಲದ ಬಗ್ಗೆ ಕೇಳಬಹುದಾದ ಪ್ರಶ್ನೆಗಳ ಬಗ್ಗೆ ತರಬೇತಿಯಲ್ಲಿ ಒಂದು ಇಡೀ ದಿನವನ್ನು ಮೀಸಲಿಟ್ಟಿದ್ದರು. ಚೀನಾದ ಸಂಸ್ಕೃತಿಯ ಬಗ್ಗೆ ವರ್ಷಗಟ್ಟಲೆ ಓದಿಕೊಂಡಿದ್ದ ನಮಗೆ ಅದು ಬೇಕೇ ಬೇಕಾಗಿತ್ತು.

ಒಂದು ಸಣ್ಣ ವಿಷಯವನ್ನು ಮಾತ್ರ ಅವರು ಹೇಳಲು ಮರೆತಿದ್ದರು. ಸಾಕುತಾಯಿಯ ಮನೆಯಲ್ಲಿ ಐದು ವರ್ಷದ ಆ ಹುಡುಗಿ ನಮ್ಮಿಂದ ಎರಡು ಮಾರು ದೂರ ಕುಳಿತಿದ್ದಳು. ನಾನು ಬಣ್ಣದ ಪೆನ್ಸಿಲ್‌ಗಳ ಡಬ್ಬಿ ತೆರೆದು, ಕಲಿತ ನಾಲ್ಕು ಬಲ್ಗೇರಿಯನ್ ಪದಗಳಲ್ಲಿ, ಬೇಕಾ ಎಂದು ಕೇಳಿದೆ. ಅವಳು ತಲೆಯನ್ನು ಅತ್ತಿತ್ತ ಆಡಿಸಿದಳು. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟೆ. ಅವಳ ಮುಖ ಬಾಡಿತು. ಮತ್ತೆ ಕೇಳಿದೆ, ಮತ್ತೆ ಅದೇ ರೀತಿ ತಲೆಯಾಡಿಸಿದಳು, ಈ ಸಲ ಕಣ್ಣು ಡಬ್ಬಿಯ ಮೇಲೇ ಇತ್ತು. ಒಳಗಿನಿಂದ ಬಂದ ದುಭಾಷಿ ನೋಡಿ, ಇಲ್ಲಿ ಹಾಗೆ ತಲೆಯಾಡಿಸಿದರೆ ಹೌದು ಎಂದರ್ಥ, ಮೇಲೆ ಕೆಳಗೆ ಆಡಿಸಿದರೆ ಬೇಡ ಎಂದರ್ಥ ಎಂದು ತಿಳಿಸಿದರು. ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ಮೊದಲು ನೀಲಿ ಪೆನ್ಸಿಲ್ ತೆಗೆದು ಕಾಗದದ ಮೂಲೆಯಲ್ಲಿ ಒಂದು ಗೆರೆ ಎಳೆದಳು, ಆಮೇಲೆ ಪೆನ್ಸಿಲನ್ನು ನನಗೆ ಕೊಟ್ಟು ಅದೇ ಗೆರೆಯನ್ನು ಮುಂದುವರಿಸುವಂತೆ ಬೆರಳು ತೋರಿಸಿದಳು. ಹಿಂದಿರುಗಿದ ಮೇಲೆ ಈ ಮಾತನ್ನು ಏಜೆನ್ಸಿಗೆ ಬರೆದಿದ್ದೇನೆ. ಮುಂದೆ ಹೋಗುವ ಕುಟುಂಬಗಳ ಕೈಪಿಡಿಗೆ ಸೇರಿಸುವುದಾಗಿ ಉತ್ತರಿಸಿದ್ದಾರೆ.

ಐದು ನಕ್ಷತ್ರಗಳಲ್ಲಿ ನಾನು ನಾಲ್ಕು ಕೊಡುತ್ತೇನೆ. ಒಂದನ್ನು ಕಡಿಮೆ ಮಾಡಿದ್ದು ಆ ಮೊದಲ ಇಮೇಲ್‌ಗೂ ಸಣ್ಣ ಅಕ್ಷರದ ಗಡುವಿಗೂ. ಈ ಏಜೆನ್ಸಿಯಾಗಲಿ ಬೇರೆ ಯಾವುದೇ ಆಗಲಿ, ಸಹಿ ಹಾಕುವ ಮೊದಲು ಇವನ್ನು ಬರಹದಲ್ಲಿ ಕೇಳಿಕೊಳ್ಳಿ: ದೇಶ ಬಾಗಿಲು ಹಾಕಿದರೆ ಶುಲ್ಕದ ಯಾವ ಭಾಗ ಉಳಿಯುತ್ತದೆ, ಹೊಸ ಗೃಹ ಅಧ್ಯಯನವನ್ನು ಯಾರು ಮಾಡುತ್ತಾರೆ, ಹೊಸ ದೇಶದಲ್ಲಿ ನಿಮಗೆ ಸ್ವಂತ ಮಾನ್ಯತೆ ಇದೆಯೇ ಅಥವಾ ಇನ್ನೊಂದು ಸಂಸ್ಥೆಯ ಮೂಲಕ ಹೋಗುತ್ತೀರೇ, ಮತ್ತು ಈಗಾಗಲೇ ಗೊತ್ತುಮಾಡಿದ ಮಗುವಿನ ಬಗ್ಗೆ ಕುಟುಂಬಕ್ಕೆ ಏನನ್ನು, ಎಲ್ಲಿಯವರೆಗೆ ತಿಳಿಸುತ್ತೀರಿ.

ಕೊನೆಯ ಪ್ರಶ್ನೆಗೆ ನಮಗೆ ಇನ್ನೂ ಉತ್ತರ ಸಿಕ್ಕಿಲ್ಲ. 2021ರಲ್ಲಿ ಆ ಹುಡುಗನ ನಾಲ್ಕನೆಯ ಹುಟ್ಟುಹಬ್ಬಕ್ಕೆಂದು ಏಜೆನ್ಸಿಯ ಮೂಲಕ ಒಂದು ಚಿತ್ರಪುಸ್ತಕ ಕಳಿಸಿದ್ದೆವು. ನಮ್ಮ ಮನೆ, ಅಂಗಳ, ಅವನಿಗೆಂದು ಇಟ್ಟಿದ್ದ ಮಂಚ, ಎಲ್ಲದರ ಚಿತ್ರಗಳಿದ್ದವು. ಬರುತ್ತೇವೆಂದು ಅದರಲ್ಲಿ ಬರೆದಿದ್ದೆವು. ಅದು ಅವನ ಕೈಸೇರಿದ್ದರೆ, ನಾವೇಕೆ ಬರಲಿಲ್ಲ ಎಂಬುದನ್ನು ಯಾರಾದರೂ ಅವನ ಭಾಷೆಯಲ್ಲಿ ಹೇಳಬೇಕು. ಅದಕ್ಕಾಗಿ ಒಂದು ಪುಟದ ಪತ್ರ ಬರೆದು, ಚೀನೀ ಭಾಷೆಗೆ ಅನುವಾದ ಮಾಡಿಸಿ, ಅವನ ಕಡತದಲ್ಲಿಡುವಂತೆ ಕೋರಿ ಏಜೆನ್ಸಿಗೆ ಕೊಟ್ಟಿದ್ದೇವೆ. ಕಳಿಸಿದ್ದೇವೆ ಎಂದಿದ್ದಾರೆ. ತಲುಪಿತೇ ಎಂದು ಕಳೆದ ವಾರ ಮತ್ತೆ ಕೇಳಿದ್ದೇನೆ.