ನೂರು ಪುಟದೊಳಗೊಂದು ಮದುವೆ: ರೀಜೆನ್ಸಿ ನೀಳ್ಗತೆಗಳ ಒಂದು ಸಂಕಲನ

ಕ್ರಿಸ್‌ಮಸ್ ಹಿನ್ನೆಲೆಯ ಐದು ರೀಜೆನ್ಸಿ ಪ್ರೇಮಕಥೆಗಳಿರುವ ಇ-ಪುಸ್ತಕವೊಂದನ್ನು ಈಚೆಗೆ ಓದಿದೆ. ಒಂದೊಂದೂ ನೂರು ಪುಟದ ಆಸುಪಾಸಿನ ನೀಳ್ಗತೆಯಾದ್ದರಿಂದ ಸಂಜೆಗೊಂದರಂತೆ ಓದಿ ವಾರದೊಳಗೆ ಮುಗಿಸಿದೆ. ಮೂರನೇ ಜಾರ್ಜ್ ದೊರೆ ಅಸ್ವಸ್ಥನಾಗಿ, ಅವನ ಮಗ ರಾಜಪ್ರತಿನಿಧಿಯಾಗಿದ್ದ 1811ರಿಂದ 1820ರವರೆಗಿನ, ರೀಜೆನ್ಸಿ ಎಂದು ಕರೆಯುವ ಇಂಗ್ಲೆಂಡ್ ಈ ಕಥೆಗಳ ಕಾಲ. 1930ರ ದಶಕದಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ಜಾರ್ಜೆಟ್ ಹೇಯರ್ ಹಾಕಿಕೊಟ್ಟ ಜಾಡಿನಲ್ಲೇ ಇವೂ ನಡೆಯುತ್ತವೆ.

ಈ ಪ್ರಕಾರ ಇಷ್ಟು ಕಿರಿದಾಗಿಯೂ ನಿಲ್ಲುವುದಕ್ಕೆ ಕಾರಣ, ಕಥೆಗಾರ್ತಿ ಮಾಡಬೇಕಾದ ಅರ್ಧ ಕೆಲಸವನ್ನು ಆ ಸಮಾಜದ ಕಟ್ಟುಪಾಡುಗಳೇ ಮಾಡಿಕೊಡುವುದು. ಲಂಡನ್ನಿನ ಆಲ್ಮ್ಯಾಕ್ಸ್ ಸಭಾಭವನಕ್ಕೆ ಪ್ರವೇಶಚೀಟಿ ಕೊಡುವ ಶ್ರೀಮಂತ ಮಹಿಳೆಯರು ಮುನಿದರೆ ಹುಡುಗಿಗೆ ಒಳ್ಳೆಯ ಸಂಬಂಧ ದೊರೆಯುವುದು ಕಷ್ಟ. ಇಪ್ಪತ್ತೊಂದು ತುಂಬದವಳಿಗೆ ಹಿರಿಯರು ಅಡ್ಡ ನಿಂತರೆ, 1753ರ ವಿವಾಹ ಕಾಯ್ದೆಯ ಕೈ ತಪ್ಪಿಸಿಕೊಳ್ಳಲು ಆ ಕಾಯ್ದೆ ಅನ್ವಯಿಸದ ಗಡಿಯಾಚೆಯ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಓಡಬೇಕು. ಇದೆಲ್ಲ ಓದುಗರಿಗೆ ಮೊದಲೇ ಗೊತ್ತಿರುವುದರಿಂದ, ಕೈಗವಸು ಕಳಚಿದ ಒಂದು ಗಳಿಗೆಯನ್ನು ಅರ್ಧ ಪುಟ ಬರೆದರೂ ಅದು ದೊಡ್ಡ ಘಟನೆಯಾಗಿಯೇ ತೋರುತ್ತದೆ.

ಸಂಕಲನದ ಮೂರನೆಯ ಕಥೆ ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಿದೆ. 1815ರ ವಾಟರ್ಲೂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ಆ ಸಾವಿನ ಸುದ್ದಿ ತಿಳಿಸಿ ಪತ್ರ ಬರೆದ ಅಧಿಕಾರಿಯೊಡನೆ ಎರಡು ವರ್ಷ ಪತ್ರವ್ಯವಹಾರ ನಡೆಸಿರುತ್ತಾಳೆ. ಕಥೆ ತೆರೆದುಕೊಳ್ಳುವ ಹೊತ್ತಿಗೆ ಪ್ರೀತಿ ಹುಟ್ಟಿಯಾಗಿದೆ, ಒಪ್ಪಿಕೊಳ್ಳುವುದಷ್ಟೇ ಬಾಕಿ. ಅಷ್ಟಕ್ಕೆ ನೂರು ಪುಟ ಧಾರಾಳವಾಗಿ ಸಾಕು. ಐದನೆಯದರಲ್ಲಾದರೋ ಹಿಮದಿಂದಾಗಿ ಹೆದ್ದಾರಿಯ ಛತ್ರದಲ್ಲಿ ಸಿಕ್ಕಿಕೊಂಡ ಇಬ್ಬರು ಅಪರಿಚಿತರು ಮೂರನೆಯ ದಿನವೇ ಮದುವೆಯ ಮಾತಾಡುತ್ತಾರೆ. ನಡುವೆ ಬರುವ ತಪ್ಪು ತಿಳಿವಳಿಕೆ ಎರಡು ಮಾತಿನಲ್ಲಿ ಬಗೆಹರಿಯುವಂಥದು, ಆದರೆ ಪುಟ ತುಂಬಬೇಕಾದ್ದರಿಂದ ಯಾರೂ ಆ ಎರಡು ಮಾತು ಆಡುವುದಿಲ್ಲ. ಕೊನೆಗೆ, ಎಲ್ಲಿ, ಯಾವಾಗ ಬೇಕಾದರೂ ಮದುವೆಯಾಗಲು ಅವಕಾಶ ಕೊಡುವ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ವಿಶೇಷ ಅನುಮತಿಪತ್ರ ನಾಯಕನ ಜೇಬಿನಿಂದ ಹೊರಬರುತ್ತದೆ. ಐದರಲ್ಲಿ ಮೂರು ಕಥೆಗಳು ಈ ಪತ್ರದಿಂದಲೇ ಮುಗಿಯುತ್ತವೆ. ಮೂರನೆಯ ಬಾರಿಗೆ ನನಗೆ ನಗು ಬಂತು.

ನನ್ನ ನಿಜವಾದ ತಕರಾರು ಹಣದ ವಿಷಯದಲ್ಲಿ. ಆ ಕಾಲದ ಮದುವೆಯೆಂದರೆ ಆಸ್ತಿಯ ಮಾತುಕತೆಯೂ ಹೌದು, ಆದರೆ ಪುಟ ಉಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಎರಡನೆಯ ಕಥೆಯ ನಾಯಕ ‘ಇಂಡಿಯಾದಲ್ಲಿ ಸಂಪತ್ತು ಗಳಿಸಿ’ ಮರಳಿದವನು. ಹೇಗೆ ಗಳಿಸಿದ ಎಂಬುದಕ್ಕೆ ಒಂದು ವಾಕ್ಯವೂ ಇಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸಂಪತ್ತು ಗೆದ್ದ ಸೈನ್ಯದವರಿಗೆ ಪಾಲಾಗಿ ಹಂಚಿಹೋದುದನ್ನೂ, ಆ ಬಳಿಕ ಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲೆಸ್ಲಿಯೇ ಮುಂದೆ ವಾಟರ್ಲೂ ಗೆದ್ದ ವೆಲಿಂಗ್ಟನ್ ಎಂಬುದನ್ನೂ ಬಲ್ಲ ಕನ್ನಡದ ಓದುಗರು ಆ ವಾಕ್ಯವನ್ನು ದಾಟಿ ಸರಾಗವಾಗಿ ಮುಂದೆ ಹೋಗಲಾರರು. ದೊಡ್ಡ ಕಾದಂಬರಿಯಾಗಿದ್ದರೆ ನಾಯಕಿಯಾದರೂ ಒಮ್ಮೆ ಕೇಳಬಹುದಿತ್ತೇನೋ. ಇಲ್ಲಿ ಅವಳಿಗೆ ಅದಕ್ಕೆ ಬಿಡುವೇ ಇಲ್ಲ.

ಭಾಷೆ ಅಚ್ಚುಕಟ್ಟಾಗಿದೆ, ಮುದ್ರಣದೋಷಗಳು ಕಡಿಮೆ. ಕೊಳ್ಳುವವರು ಮೂರನೆಯ ಕಥೆಯಿಂದ ಆರಂಭಿಸಿ, ಆಮೇಲೆ ಮೊದಲನೆಯದನ್ನು ಓದಬಹುದು. ಪೂರ್ಣ ಬೆಲೆ ಕೊಡುವ ಬದಲು ರಿಯಾಯಿತಿಗಾಗಿ ಕಾಯುವುದು ಒಳಿತು.